ಸ್ಕೇಲಮ್ಮನ ಕಾಲಿನ ನಕ್ಷೆ

ಒಂದು ಜೊತೆ ಶೂವಿನ ಸಂಗತಿಯನ್ನು ಕಥೆಯೆಂದು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ಲೋಕದಲ್ಲಿ ಇದಕ್ಕಿಂತ ದೊಡ್ಡ ಕಷ್ಟಗಳಿವೆ. ಆದರೆ ಕಿರುಬೆರಳಿನಲ್ಲಿ ಆಣಿ ಎದ್ದವರಿಗೆ ಆ ಹೊತ್ತಿನಲ್ಲಿ ಬೇರೆ ಯಾವ ಕಷ್ಟವೂ ನೆನಪಾಗುವುದಿಲ್ಲ.

ಚರಂಡಿ ಕಚೇರಿಯಲ್ಲಿ ನಕ್ಷೆ ಬರೆಯುವ ಹೆಂಗಸೊಬ್ಬಳಿದ್ದಳು. ಹುಬ್ಬನ್ನೂ ಅಳತೆಪಟ್ಟಿ ಇಟ್ಟೇ ತಿದ್ದುತ್ತಾಳೆಂದು ಜೊತೆಯವರು ಅವಳನ್ನು ಸ್ಕೇಲಮ್ಮ ಎನ್ನುತ್ತಿದ್ದರು. ಅಲ್ಲಿ ಹಿರಿಯ ನಕ್ಷೆಗಾರರ ಜಾಗ ಖಾಲಿಯಾಗಿತ್ತು. ಅದು ಸಿಗಬೇಕಾದರೆ ಸೋಮವಾರ ಸಮಿತಿಯ ಮುಂದೆ ಎರಡು ಗಂಟೆ ನಿಂತು ಹೊಸ ಚರಂಡಿಯ ನಕ್ಷೆ ವಿವರಿಸಬೇಕು. ಅವಳಿಗೆ ವಿವರಿಸುವ ಹೆದರಿಕೆಗಿಂತ ನಿಲ್ಲುವ ಹೆದರಿಕೆ ದೊಡ್ಡದು. ಹಿಂದಿನ ಸಲ ಬಲಗಾಲಿನ ಕಿರುಬೆರಳಿನ ಆಣಿಗೆ ಶೂ ಕಚ್ಚಿ, ಕೊಕ್ಕರೆಯ ಹಾಗೆ ಒಂಟಿಗಾಲಿನಲ್ಲಿ ನಿಂತಿದ್ದಳು. ತನ್ನ ಲೆಕ್ಕದ ಮೇಲೆ ಈಕೆಗೇ ಭರವಸೆಯಿಲ್ಲ ಎಂದು ಮುಖ್ಯ ಎಂಜಿನಿಯರು ವರದಿಯಲ್ಲಿ ಬರೆದುಬಿಟ್ಟಿದ್ದರು.

ಅಕ್ಕನನ್ನು ಕರೆದುಕೊಂಡು ಐದು ಅಂಗಡಿ ಹತ್ತಿಳಿದಳು. ಕಚೇರಿಗೆ ಒಪ್ಪುವ ಶೂ ಕಾಲಿಗೆ ಒಪ್ಪಲಿಲ್ಲ. ಕಾಲಿಗೆ ಒಪ್ಪಿದ ಒಂದೇ ಒಂದು ಜೊತೆ ಗುಲಾಬಿ ಬಣ್ಣದ್ದು. ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ದೀಪ ಮಿನುಗುತ್ತಿತ್ತು. ಒಬ್ಬ ಅಂಗಡಿಯವನಂತೂ, ಹಾಕಿಕೊಳ್ಳುತ್ತಾ ಹೋದ ಹಾಗೆ ಹಿಗ್ಗುತ್ತದೆಂದು ಮೂರು ಸಲ ಆಣೆ ಮಾಡಿದ.

"ಅದು ಹಿಗ್ಗೋ ಹೊತ್ತಿಗೆ ಇವಳಿಗೆ ಪಿಂಚಣಿ ಬಂದಿರುತ್ತಪ್ಪಾ," ಎಂದು ಅಕ್ಕ ಎದ್ದಳು.

ಬಸ್ ನಿಲ್ದಾಣದ ಹಿಂದೆ ಕೈಯಲ್ಲೇ ಶೂ ಹೊಲಿದುಕೊಡುವ ಮುದುಕರೊಬ್ಬರಿದ್ದಾರೆಂದು ಹೇಳಿದವಳೂ ಅಕ್ಕನೇ. ಬರಿಗೈಯಲ್ಲಿ ಹೋಗುವುದು ಸ್ಕೇಲಮ್ಮನ ಜಾಯಮಾನವಲ್ಲ. ನೆಲದ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ಅದರ ಮೇಲೆ ನಿಂತು, ಎರಡೂ ಪಾದಗಳ ನಕ್ಷೆ ತೆಗೆದಳು. ಆಣಿಗೆ ಗುಡ್ಡಕ್ಕೆ ಬರೆಯುವ ಹಾಗೆ ಸುತ್ತುಗೆರೆ ಬರೆದಳು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕಿದಳು. ಪಾದಕ್ಕೆ ಯಾವ ಉತ್ತರವೇ ಎಂದು ಅಕ್ಕ ಕೇಳಿದ್ದಕ್ಕೆ, ಬಾಣವಿಲ್ಲದ ನಕ್ಷೆ ತನ್ನ ಕೈಯಿಂದ ಈವರೆಗೆ ಹೊರಗೆ ಹೋಗಿಲ್ಲ ಎಂದಳು. ಮುದುಕರು ಕಾಲು ತೋರಿಸಿ ಎಂದರೂ, ಹರಿದ ಕಾಲುಚೀಲ ಕಂಡೀತೆಂದು ನಾಚಿ, ನಕ್ಷೆ ಕೊಟ್ಟು ಓಡಿಬಂದಳು.

ಶನಿವಾರ ಸಂಜೆಗೆ ಶೂ ಸಿದ್ಧವಾಗಿತ್ತು. ಕಪ್ಪು ಬಣ್ಣ, ತಗ್ಗು ಹಿಮ್ಮಡಿ, ಮೆತ್ತನೆಯ ತಳ. ಎಡ ಶೂವಿನ ಕಿರುಬೆರಳಿನ ಜಾಗದಲ್ಲಿ ಅಚ್ಚುಕಟ್ಟಾದ ಉಬ್ಬೂ ಇತ್ತು. ಆಣಿ ಇದ್ದದ್ದು ಬಲಗಾಲಿನಲ್ಲಿ.

ಟ್ರೇಸಿಂಗ್ ಕಾಗದದ ಗೆರೆ ಎರಡೂ ಕಡೆಯಿಂದ ಕಾಣುತ್ತದೆ. ಮುದುಕರು ಹಾಳೆಯನ್ನು ಮಗುಚಿ ಹಿಡಿದು, ಎಡವನ್ನು ಬಲವೆಂದೂ ಬಲವನ್ನು ಎಡವೆಂದೂ ಚರ್ಮ ಕತ್ತರಿಸಿದ್ದರು. ಬಾಣ ಹಾಕಿದ ಮಹಾರಾಯ್ತಿ ಯಾವುದು ಎಡ, ಯಾವುದು ಬಲ ಎಂದೇ ಬರೆದಿರಲಿಲ್ಲ. ತಪ್ಪು ತನ್ನದೇ ಎಂದು ಅವಳು ಮತ್ತೆ ಮತ್ತೆ ಕ್ಷಮೆ ಕೇಳಿದಳು.

"ಅಲ್ಲಮ್ಮಾ, ಕಾಲನ್ನ ಜೊತೇಲೇ ತಂದಿದ್ರಲ್ಲ, ಅದರ ಚಿತ್ರ ಯಾಕೆ ಬೇಕಿತ್ತು?" ಎಂದರು ಮುದುಕರು. "ಕೂತ್ಕೊಳ್ಳಿ. ಇಡಿ ಇಲ್ಲಿ."

ಹರಿದ ಕಾಲುಚೀಲ ಹೊರಬಂತು. ಮುದುಕರು ಅದರ ಕಡೆ ನೋಡಲೂ ಇಲ್ಲ. ಬಲ ಶೂವಿನ ಪಕ್ಕ ಸೀಳಿ, ಮೆತ್ತನೆಯ ಚರ್ಮದ ತುಂಡು ಕೂಡಿಸಿ ಹೊಲಿದರು. ಎಡಗಡೆಯ ಖಾಲಿ ಉಬ್ಬಿಗೆ ಹತ್ತಿ ತುರುಕಿದರು. ಅವಳು ಬೀದಿಯ ಕೊನೆಯವರೆಗೂ ನಡೆದು ನೋಡಿದಳು. ಎಲ್ಲೂ ನೋವಿಲ್ಲ. ನೋವು ಹೋದ ಜಾಗಕ್ಕೆ ತಕ್ಷಣ ಹೊಸ ಚಿಂತೆ ಬಂದು ಕೂತಿತು: ಚರಂಡಿಯ ಕವಲುಗಳ ಬಿಡಿ ಹಾಳೆಗಳೂ ಟ್ರೇಸಿಂಗ್ ಕಾಗದದವೇ. ಅವುಗಳ ಮೇಲೆ ಒಂದಕ್ಷರವೂ ಇಲ್ಲ, ಬರೀ ಗೆರೆ ಮತ್ತು ಬಾಣ. ತಿದ್ದೋಣವೆಂದರೆ ಅವು ಸೋಮವಾರದವರೆಗೆ ಬೀಗ ಬಿದ್ದ ಕಚೇರಿಯೊಳಗಿದ್ದವು.

ಸೋಮವಾರ ಎರಡೂ ಕಾಲೂರಿ ನಿಂತು ಎಲ್ಲವನ್ನೂ ವಿವರಿಸಿದಳು. ಕೊನೆಗೆ ಯಾರೂ ಕೇಳದಿದ್ದರೂ, ತನ್ನ ಹಾಳೆಗಳಲ್ಲಿ ದೋಷವಿದೆ, ಅಗೆಯುವವರು ಮಗುಚಿ ಹಿಡಿದರೆ ಕೊಳವೆ ಎದುರುಮನೆಯತ್ತ ಹೊರಟುಬಿಡುತ್ತದೆ, ಮುಂಬದಿ ಯಾವುದೆಂದು ಬರೆಯಲು ಒಂದು ದಿನ ಬೇಕು ಎಂದಳು. ಅಕ್ಕ ಅಲ್ಲಿದ್ದಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಇದು ನಿಮಗೆ ಹೇಗೆ ಹೊಳೀತು?" ಎಂದರು ಮುಖ್ಯ ಎಂಜಿನಿಯರು.

"ಶೂ ಹೊಲಿಸಿದೆ ಸರ್," ಎಂದು ಅವಳು ನಡೆದದ್ದನ್ನೆಲ್ಲ ಹೇಳಿದಳು.

ಸಮಿತಿಯವರು ಬಿದ್ದು ಬಿದ್ದು ನಕ್ಕರು. ಎಂಜಿನಿಯರು ಮಾತ್ರ ನಗದೆ, ಮೇಜಿನ ಕೆಳಗೆ ಕಾಲು ಸರಿಸಿಕೊಂಡು, ಮುದುಕರ ವಿಳಾಸ ಕೇಳಿ ಬರೆದುಕೊಂಡರು.

ಜಾಗ ಸ್ಕೇಲಮ್ಮನಿಗೇ ಸಿಕ್ಕಿತು. ತಪ್ಪನ್ನು ತಾನಾಗಿ ಒಪ್ಪಿಕೊಂಡದ್ದಕ್ಕೋ, ಆ ವಿಳಾಸಕ್ಕೋ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಾಗಾಗಿ ಅದು ಗೊತ್ತಿಲ್ಲ.