ಹುಣಸೆ ಬುಡದ ಕಟ್ಟೆ

"ಏ ಮುದುಕಿ, ಕುಂಡಿ ಎತ್ತ! ಅದೇನ ನಿಮ್ಮಪ್ಪ ಕಟ್ಟಿಸಿದ್ದ ಅಂತ ತಿಳಿದೀ?"

ವೀರಣ್ಣ ಕೂಗಿದ್ದು ನನ್ನ ಅತ್ತೆ ಕರೆವ್ವನಿಗೆ. ಬೆಳಗಿನಿಂದ ಕಲ್ಲು ಹೊತ್ತು ಅವಳ ಮೊಣಕಾಲು ಬಾತಿದ್ದವು. ತಾನೇ ಕೂರಿಸಿದ ಕಲ್ಲುಬೆಂಚಿನ ಮೇಲೆ ಒಂದು ಗಳಿಗೆ ಕೂತಿದ್ದಳು. ಎದ್ದಳು. ವೀರಣ್ಣ ನೀರಿನ ಪೈಪು ಹಿಡಿದವನಿಗೆ ಕಣ್ಸನ್ನೆ ಮಾಡಿದ. ಅವನು ಬೆಂಚು ತೊಳೆದ. ತೊಳೆದ ನೀರು ಹರಿದು ಬಂದು ಅತ್ತೆಯ ಪಾದ ತೋಯಿಸಿತು. ಅವಳು ಕಾಲು ಸರಿಸಲಿಲ್ಲ.

"ಛಲೋತ್ನ್ಯಾಗ ತೊಳೀಪಾ," ಎಂದಳು ಪೈಪಿನವನಿಗೆ. "ಮೂಲ್ಯಾಗ ಇನ್ನಾ ಸಿಮೆಂಟ ಹತ್ತೈತಿ."

ಸಾವಳಗಿಯ ಆಚೆ, ನಮ್ಮೂರ ಗುಡ್ಡದ ಕೆಳಗೆ ಸರ್ಕಾರದ ಉದ್ಯಾನ ಏಳುತ್ತಿತ್ತು. ಗುಡ್ಡ ಸುತ್ತಿ ಬರುವ ಕಾಲುದಾರಿಗೆ ನಿಸರ್ಗ ಪಥ ಅಂತ ಹೆಸರು. ಶಾಲೆ ಮಕ್ಕಳು ಬಂದು ಗಿಡ ನೋಡಬೇಕು, ಹಕ್ಕಿ ನೋಡಬೇಕು, ಅಲ್ಲಲ್ಲೇ ಕೂತು ಪಾಠ ಕಲಿಯಬೇಕು ಅನ್ನುವುದು ಯೋಜನೆ. ನಕ್ಷೆ ಬರೆದವರು ಧಾರವಾಡದ ಮನೀಷಾ ಮೇಡಂ. ಗುತ್ತಿಗೆ ವೀರಣ್ಣನದು. ಜಾಗ ಬಿಟ್ಟುಕೊಟ್ಟವರು ಅವನ ಅಪ್ಪ ಬಸಗೊಂಡಪ್ಪ ಗೌಡರು. ಬಾಗಿಲ ಕಮಾನಿನ ಮೇಲೆ 'ಭೂದಾನಿ' ಅಂತ ಅವರ ಹೆಸರು ಬರೆಸಿದ್ದರು. ಕಲ್ಲು ಹೊತ್ತು, ಮಣ್ಣು ಅಗೆದು, ದಾರಿಗೆ ಹಾಸುಗಲ್ಲು ಹಾಸುತ್ತಿದ್ದವರು ಕೇರಿಯ ನಾವು ಹನ್ನೊಂದು ಹೆಂಗಸರು.

ಮನೀಷಾ ಮೇಡಂ ಕೆಟ್ಟವರಲ್ಲ. ಅತ್ತೆಗೆ ಅಜ್ಜಿ ಅನ್ನುತ್ತಿದ್ದರು. ಪುಸ್ತಕ ಹಿಡಿದು ಅವಳ ಹಿಂದೆ ಸುತ್ತಿ ಒಂದೊಂದು ಗಿಡದ ಹೆಸರು, ಗುಣ ಬರೆದುಕೊಂಡರು. ಯಾವುದು ಕರುವಿನ ಬೇನೆಗೆ, ಯಾವುದು ಬಾಣಂತಿಗೆ, ಯಾವುದರ ಕಾಯಿ ಮುಟ್ಟಿದರೆ ತುರಿಕೆ, ಎಲ್ಲ ಅತ್ತೆ ಹೇಳಿದಳು. ತಿಂಗಳಾದ ಮೇಲೆ ಜಮಖಂಡಿಯಿಂದ ಬೋರ್ಡುಗಳು ಬಂದವು. ಒಂದೊಂದರ ಕೆಳಗೂ ಸಣ್ಣ ಅಕ್ಷರದಲ್ಲಿ 'ಮಾಹಿತಿ: ಶ್ರೀ ವೀರಣ್ಣ' ಅಂತ ಇತ್ತು. ನಾನು ಪಿಯುಸಿ ತನಕ ಓದಿದವಳು. ಓದಿ ಹೇಳಿದೆ.

ಅತ್ತೆ ನಕ್ಕಳು. "ಆ ಭಾಡ್ಯಾಗ ಬೇವಿಗೂ ಬನ್ನಿಗೂ ಫರಕ ಗೊತ್ತಿಲ್ಲ. ಇರ್ಲಿ ಬಿಡ ಪ್ರತಿಮಾ."

ಒಂದು ದಿನ ಮೇಡಂ ಹಳೆಯ ಹುಣಸೆ ಮರದ ಕೆಳಗೆ ನಕ್ಷೆ ಹಾಸಿದರು. "ಇಲ್ಲಿ ಮರದ ಸುತ್ತ ಒಂದು ಕಟ್ಟೆ. ಮಕ್ಕಳು ಕೂತು ಕಥೆ ಕೇಳೋ ಜಾಗ," ಎಂದರು.

ನಮ್ಮ ಹನ್ನೊಂದೂ ಜನರ ಕೈ ನಿಂತವು. ಮೇಡಂಗೆ ಗೊತ್ತಿರಲಿಲ್ಲ. ಊರಿಗೆ ಗೊತ್ತಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಗುಡ್ಡದ ಬುಡದ ಆ ನಾಲ್ಕು ಎಕರೆ ನನ್ನ ಮಾವ ಹೊಳೆಪ್ಪನಿಗೆ ಸರ್ಕಾರದಿಂದ ಮಂಜೂರಾಗಿತ್ತು. ಮಾವ ಬದುವಿಗೆ ಕಲ್ಲು ನೆಟ್ಟ. ಮರುದಿನ ಬೆಳಿಗ್ಗೆ ಬಸಗೊಂಡಪ್ಪ ಅವನನ್ನು ಇದೇ ಹುಣಸೆಗೆ ಎತ್ತಿನ ಹಗ್ಗದಿಂದ ಕಟ್ಟಿದ. ಹೊತ್ತು ಮುಳುಗುವ ತನಕ ಬಾರುಕೋಲಿನಿಂದ ಹೊಡೆದ. ಮೂರನೇ ದಿನ ಮಾವ ಸತ್ತ. ಹುಣಸೆಕಾಯಿ ಹರಿಯಲು ಹತ್ತಿ, ಮರದಿಂದ ಬಿದ್ದು ಸತ್ತ ಅಂತ ಪೊಲೀಸರು ಬರೆದುಕೊಂಡರು. ಹೊಲ ಗೌಡರದಾಯಿತು. ಈಗ ಅದನ್ನೇ ಅವರು ದಾನ ಮಾಡಿದ್ದರು.

ಅತ್ತೆ ಬುಟ್ಟಿ ಕೆಳಗಿಟ್ಟು ಮೇಡಂ ಹತ್ತಿರ ಹೋದಳು. "ಈ ಕಟ್ಟಿ ನಾನ ಕಟ್ತೇನ್ರಿ. ಮತ್ತೊಬ್ರ ಕೈ ಹಚ್ಚೂದ ಬ್ಯಾಡ."

ಮನೆಗೆ ಬಂದ ಮೇಲೆ ನಾನು ಸಿಟ್ಟಿನಿಂದ ಕೇಳಿದೆ: "ಮಾವನ್ನ ಕೊಂದ ಗಿಡಕ್ಕ ಕಟ್ಟಿ ಕಟ್ಟಾಕ ನಿನಗ ಮನಸರ ಹೆಂಗ ಬಂತ, ಅತ್ತಿ?"

ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಲೇ ಹೇಳಿದಳು: "ಗಿಡ ಏನ ಮಾಡಿತ್ತ? ನೋಡ, ಇಪ್ಪತ್ತೆರಡ ವರ್ಷ ನನ್ನ ಮಾತ ಯಾರೂ ಕುಂತ ಕೇಳಿಲ್ಲ. ಠಾಣೆದಾಗ ಬಾಗಲದಾಗ ನಿಂದರಿಸಿ ಕಳಿಸಿದ್ರು. ಕೋರ್ಟಿನ್ಯಾಗ ನನ್ನ ಹೆಸರ ಕೂಗಲೇ ಇಲ್ಲ. ಈಗ ಸರ್ಕಾರದವರೇ ಕತಿ ಹೇಳಾಕ ಜಾಗಾ ಮಾಡಿ ಕೊಡಾಕತ್ತಾರ. ಬಿಡ್ಲ್ಯಾ?"

ಕಟ್ಟೆ ಗಟ್ಟಿಯಾಗಿ ಎದ್ದಿತು. ಒಂದು ಕಲ್ಲೂ ಅಲುಗುತ್ತಿರಲಿಲ್ಲ. ಉದ್ಘಾಟನೆಗೆ ಅತಿಥಿಗಳ ಕುರ್ಚಿ ಎಲ್ಲಿ ಹಾಕಿಸುವುದು ಅಂತ ಮೇಡಂ ಯೋಚಿಸುತ್ತಿದ್ದಾಗ ಅತ್ತೆ ಪಡುವಣ ದಿಕ್ಕಿಗೆ ಕೈ ಮಾಡಿದಳು. "ಮುಂಜಾನಿ ಅಲ್ಲೆ ನೆರಳ ಇರ್ತೈತ್ರಿ. ದೊಡ್ಡವರು ಆರಾಮ ಕುಂಡ್ರತಾರ." ಅಲ್ಲಿ ಕೂತವರ ಮುಖ ಕಟ್ಟೆಯಿಂದ ನೆಟ್ಟಗೆ ಕಾಣುತ್ತಿತ್ತು.

ಉದ್ಘಾಟನೆಯ ದಿನ ಮಕ್ಕಳಿಗೆ ಅಜ್ಜಿಯೇ ಗಿಡಗಳ ಬಗ್ಗೆ ಹೇಳಲಿ ಅಂತ ಮೇಡಂ ಹಟ ಹಿಡಿದರು. ಗೌಡರ ಮನೆಯಿಂದ ಕರೆ ಬಂತು. ನಾವಿಬ್ಬರೂ ಅಂಗಳದ ಹೊರಗೆ ಬಿಸಿಲಲ್ಲಿ ನಿಂತೆವು. ಬಸಗೊಂಡಪ್ಪ ತೂಗುಮಂಚದಿಂದ ಇಳಿಯಲಿಲ್ಲ.

"ಈ ಹೊಲೇರ ಮುದುಕಿ ನಮ್ಮ ಸಭಾದಾಗ ಮಾತಾಡಬೇಕೇನ?"

"ಅಪ್ಪಾ, ಜಿಲ್ಲಾದ ದೊಡ್ಡ ಸಾಹೇಬ್ರು ಬರ್ತಾರ," ಎಂದ ವೀರಣ್ಣ. "ಇಂಥಾಕಿ ನಿಂತ ನಾಕ ಮಾತ ಹೇಳಿದ್ರ ಪೇಪರದಾಗ ಫೋಟೋ ಛಲೋ ಬರ್ತೈತಿ. ಏ ಕರೆವ್ವಾ, ಮೈ ತೊಳಕೊಂಡ ಬಾ. ಕಟ್ಟಿ ಹತ್ತಬ್ಯಾಡ. ಕೆಳಗ ನಿಂತ ಹುಣಸಿಹಣ್ಣ, ಹುಣಸಿ ತೊಕ್ಕ, ಅಷ್ಟ ಹೇಳಿ ಮುಗಸ."

ಬಸಗೊಂಡಪ್ಪ ಎಲೆಅಡಿಕೆ ಉಗುಳಿದ. "ಗಂಡನ ಸುದ್ದಿ ಬಾಯಾಗ ಬಂತಂದ್ರ ನೋಡ. ನಿನಗ ಇನ್ನೂ ಒಬ್ಬ ಮಗಾ ಅದಾನ."

ಅವನು ಅಂದದ್ದು ನನ್ನ ಗಂಡ ಬಾಳೇಶನ ಬಗ್ಗೆ. ಅತ್ತೆ ಸೆರಗು ಸರಿ ಮಾಡಿಕೊಂಡಳು.

"ಹೂನ್ರಿ ಗೌಡ್ರ. ಗಿಡದ ಸುದ್ದಿ ಅಷ್ಟ ಹೇಳ್ತೇನಿ."

ಉದ್ಘಾಟನೆಯ ದಿನ ನಲವತ್ತು ಮಕ್ಕಳು ಬಂದರು. ಐದನೇ ಇಯತ್ತೆಯ ಪೂರ್ಣಿಮಾ ಎಲ್ಲರ ಮುಂದೆ ಇದ್ದಳು. ಅವಳು ವೀರಣ್ಣನ ಮಗಳು. ಕೇಳಿದ್ದನ್ನೆಲ್ಲ ಬರೆದುಕೊಳ್ಳಿ ಅಂತ ಮಾಸ್ತರರು ಹೇಳಿದ್ದರು. ದೊಡ್ಡ ಸಾಹೇಬರು ಟೇಪು ಕತ್ತರಿಸಿದರು, ಪಥ ಸುತ್ತಿದರು, ಹುಣಸೆ ನೆರಳಿಗೆ ಬಂದು ಕೂತರು. ಪಕ್ಕದಲ್ಲಿ ಬಸಗೊಂಡಪ್ಪ, ಹಳದಿ ರುಮಾಲು ಸುತ್ತಿಕೊಂಡು.

ಅತ್ತೆ ಕಟ್ಟೆ ಹತ್ತಿದಳು. ನಟ್ಟ ನಡುವೆ, ಮರಕ್ಕೆ ಬೆನ್ನು ಕೊಟ್ಟು ಕೂತಳು. ವೀರಣ್ಣ ಎದ್ದ. ಅಷ್ಟರಲ್ಲಿ ಕ್ಯಾಮರಾಗಳು ಅವಳತ್ತ ತಿರುಗಿದ್ದವು.

"ಇದು ಹುಣಸಿ," ಎಂದಳು. "ಹುಣಸಿ ಭಾಳ ಗಟ್ಟಿ ಗಿಡ. ಇದಕ್ಕ ಮನಷ್ಯಾನ್ನ ಕಟ್ಟಿದ್ರ ಬಿಡಸ್ಕೊಳ್ಳಾಕ ಆಗಂಗಿಲ್ಲ. ಕಟ್ಟಿದ್ರು."

ಮಕ್ಕಳು ಮುಂದೆ ಸರಿದು ಕೂತರು.

"ಏ, ಸಾಕ ಇಳಿ!" ವೀರಣ್ಣ ಕೂಗಿದ.

"ಇರಲಿ, ಹೇಳಲಿ ಬಿಡಿ," ಎಂದರು ಸಾಹೇಬರು ನಗುತ್ತ. ಜನಪದ ಕಥೆ ಅಂದುಕೊಂಡಿದ್ದರು.

"ಯಾರನ್ನ ಕಟ್ಟಿದ್ರು ಅಜ್ಜಿ?" ಒಬ್ಬ ಹುಡುಗ ಕೇಳಿದ.

"ಹೊಳೆಪ್ಪ ಅಂತ. ನನ್ನ ಗಂಡ. ನೀವು ಕುಂತ ಜಾಗಾ ಐತೆಲ್ಲ, ಇದು ಅವನ ಹೊಲ. ಹೊತ್ತ ಮುಳಗೂ ತನಕ ಬಾರಕೋಲಲೆ ಹೊಡದ್ರು. ನೀರ ಬೇಡಿದ, ಬಾಯಾಗ ಉಚ್ಚಿ ಹೊಯ್ದ್ರು. ಮೂರ ದಿವಸಕ್ಕ ಸತ್ತ. ಗಿಡದ ಮ್ಯಾಲಿಂದ ಬಿದ್ದ ಅಂತ ಪೊಲೀಸರ ಸುಳ್ಳ ಬರಕೊಂಡ್ರು. ನೀವು ಖರೆ ಬರಕೋರಿ."

ಪೆನ್ಸಿಲು ಓಡುವ ಸಪ್ಪಳ ಕೇಳಿಸಿತು. ಸಾಹೇಬರ ನಗು ಹೋಗಿತ್ತು.

ಪೂರ್ಣಿಮಾ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. "ಕಟ್ಟಿದವರ ಯಾರ ಅಜ್ಜಿ?"

"ನಿಮ್ಮ ಮುತ್ಯಾ, ಯವ್ವಾ. ಅಲ್ಲೆ ಕುಂತಾನ ನೋಡ, ಹಳದಿ ರುಮಾಲ."

ಅವಳು ತಿರುಗಿದಳು. ನಲವತ್ತು ತಲೆಗಳು ತಿರುಗಿದವು. ಬಸಗೊಂಡಪ್ಪ ಬಾಯಿ ತೆರೆದ. ಊರನ್ನೇ ಬಯ್ದ ಆ ಬಾಯಿ ಮೊಮ್ಮಗಳ ಎದುರು ಹಾಗೆ ತೆರೆದೇ ಉಳಿದದ್ದನ್ನು ನಾನು ಕಣ್ತುಂಬ ನೋಡಿದೆ. ಎಷ್ಟು ನೋಡಿದರೂ ಸಾಲಲಿಲ್ಲ.

ಆಮೇಲೆ ವೀರಣ್ಣ ಅತ್ತೆಯ ಜುಟ್ಟು ಹಿಡಿದು ಕಟ್ಟೆಯಿಂದ ಎಳೆದ. ಅವಳ ತುಟಿ ಒಡೆಯಿತು. ಸಾಹೇಬರು ಊಟ ಮಾಡದೆ ಜೀಪು ಹತ್ತಿದರು. ಮನೀಷಾ ಮೇಡಂ ಅಳುತ್ತ ಅವರ ಹಿಂದೆ ಹೋದರು. ಸಂಜೆಗೆ ನಮ್ಮ ಹನ್ನೊಂದೂ ಜನರ ಕೆಲಸ ಹೋಯಿತು. ಮಕ್ಕಳ ನೋಟ್‌ಬುಕ್ಕು ತಿರುಗಿ ಇಸಿದುಕೊಳ್ಳಿರಿ ಅಂತ ಮಾಸ್ತರರಿಗೆ ಗೌಡರ ಮನೆಯಿಂದ ಹುಕುಂ ಬಂತು. ಎಲ್ಲವೂ ಬರಲಿಲ್ಲ. ಪೂರ್ಣಿಮಾಳದೂ ಬರಲಿಲ್ಲವಂತೆ. ಮುತ್ಯಾನ ಪಂಕ್ತಿಯಲ್ಲಿ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಾಳೆ, ಅವನು ಕರೆದರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ ಅಂತ ಆ ಮನೆಯ ದನದ ಕೊಟ್ಟಿಗೆ ಬಳಿಯುವವಳು ಬಂದು ಹೇಳಿದಳು.

"ಆ ಹುಡುಗಿ ಏನ ಮಾಡಿತ್ತ ಪಾಪ," ಎಂದೆ ನಾನು.

ಅತ್ತೆ ಒಡೆದ ತುಟಿಗೆ ಅರಿಷಿಣ ಹಚ್ಚಿಕೊಳ್ಳುತ್ತಿದ್ದಳು. "ಬಾಳೇಶಗೂ ಆವಾಗ ಹತ್ತ ವರ್ಷ. ಅವರಪ್ಪನ ಬೆನ್ನ ತೊಳದಾಂವ ಅಂವ. ಪಾಪ ಅಂದಾಂವ ಒಬ್ಬ ಹುಟ್ಟಲಿಲ್ಲ."

ಒಂಬತ್ತನೇ ದಿನಕ್ಕೆ ತೇರದಾಳ ಕಡೆಯ ಒಂದು ಶಾಲೆಯ ಬಸ್ಸು ಬಂತು. ಮೊದಲೇ ಗೊತ್ತುಮಾಡಿದ ಪ್ರವಾಸ. ಅದೇ ಹೊತ್ತಿಗೆ ವೀರಣ್ಣ ಗರಗಸದ ಮಿಷನ್ನಿನವನನ್ನು ಕರೆತಂದಿದ್ದ. ಮರಕ್ಕೆ ರೋಗ ಬಿದ್ದಿದೆ, ಕಡಿಯಬೇಕು ಅಂತ ಕಾಗದ ಮಾಡಿಸಿದ್ದರು. ಸುದ್ದಿ ತಿಳಿದು ನಾವು ಓಡಿ ಹೋದೆವು. ಅತ್ತೆ ಆಗಲೇ ಕಟ್ಟೆಯ ಮೇಲಿದ್ದಳು.

"ಇಳೀತೀಯೋ ಇಲ್ಲೋ, ರಂಡೀ? ಗಿಡದ ಕೂಡ ನಿನ್ನೂ ಕಡಸ್ತೇನಿ!"

"ಕಡಸಪಾ," ಎಂದಳು ಅತ್ತೆ. "ಗಿಡ ಹೋದ್ರ ಬೊಡ್ಡಿ ಉಳೀತೈತಿ. ಬೊಡ್ಡಿ ಮ್ಯಾಲ ಕುಂತ ಹೇಳ್ತೇನಿ. ಬೊಡ್ಡಿ ಕಿತ್ತಿಸಿದ್ರ ತೆಗ್ಗ ಉಳೀತೈತಿ. ತೆಗ್ಗಿನ್ಯಾಗ ಇಳದ ಹೇಳ್ತೇನಿ."

ವೀರಣ್ಣ ಕೈ ಬೀಸಿದ. ಮಿಷನ್ನಿನವನು ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿ ಹಗ್ಗ ಎಳೆದ. ಗರಗಸ ಹೊಗೆ ಉಗುಳಿ ಒದರತೊಡಗಿತು. ನಾವು ಹೆಂಗಸರು ಒಬ್ಬೊಬ್ಬರಾಗಿ ಕಟ್ಟೆ ಹತ್ತಿ, ಬೊಡ್ಡೆಗೆ ಬೆನ್ನು ಹಚ್ಚಿ ಸುತ್ತ ಕೂತೆವು. ದಾರಿಯ ತಿರುವಿನಲ್ಲಿ ಮಕ್ಕಳು ಗುಂಪಾಗಿ ನಿಂತಿದ್ದರು.

ಅತ್ತೆ ಅವರತ್ತ ಕೈ ಬೀಸಿ, ದನಿ ಎತ್ತರಿಸಿ ಕರೆದಳು:

"ಸನೇಕ ಬರ್ರಿ! ಮಿಷನ್ ಸಪ್ಪಳದಾಗ ದೂರ ನಿಂತ್ರ ಕೇಳಸಂಗಿಲ್ಲ."