ಬಿಸಿಯಾದ ಮೇಲೆ ಟಕ್

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ನನ್ನ ವ್ಯಾನು ಆ ಮೂರು ವಾರ ನನಗೆ ಕೊಟ್ಟ ಕಾಟವನ್ನು ನಿಮಗೆ ಕೊಟ್ಟಿದ್ದರೆ ನೀವೂ ಟೈರಿಗೆ ಒದೆಯುತ್ತಿದ್ದಿರಿ. ಬೆಳಗ್ಗೆ ಕೀ ತಿರುಗಿಸಿದರೆ ಹೂವೆತ್ತಿದಷ್ಟು ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು. ಒಂದು ಗಂಟೆ ಓಡಿಸಿ, ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಟಕ್. ಒಂದೇ ಒಂದು ಟಕ್, ಅಷ್ಟೇ. ಇಂಜಿನ್ ಮಿಸುಕಾಡುತ್ತಲೂ ಇರಲಿಲ್ಲ. ಮುಕ್ಕಾಲು ಗಂಟೆ ಕಾದು ತಣ್ಣಗಾದ ಮೇಲೆ, ಏನೂ ಆಗೇ ಇಲ್ಲವೇನೋ ಎಂಬಂತೆ ಮತ್ತೆ ಸ್ಟಾರ್ಟ್!

ನನ್ನ ವ್ಯಾನಿನಲ್ಲಿ ಹೋಗುವವರು ಡಯಾಲಿಸಿಸ್ ಮಾಡಿಸಿಕೊಳ್ಳುವವರು. ಮಧ್ಯಾಹ್ನದ ಪಾಳಿಯವರನ್ನು ಆಸ್ಪತ್ರೆಯ ಪೋರ್ಟಿಕೋದಲ್ಲಿ ಇಳಿಸಿ, ಬೆಳಗಿನ ಪಾಳಿ ಮುಗಿಸಿದ ಆರು ಜನರನ್ನು ಹತ್ತಿಸಿಕೊಂಡು ಮನೆಮನೆಗೆ ಬಿಡಬೇಕು. ಹೊಗೆ ವಾರ್ಡಿಗೆ ನುಗ್ಗುತ್ತದೆಂದು ಅಲ್ಲಿ ಇಂಜಿನ್ ಆಫ್ ಮಾಡಲೇಬೇಕು. ಆಫ್ ಮಾಡಿದರೆ ಮುಗಿಯಿತು. ಮೂರನೇ ವಾರದ ಮೊದಲಲ್ಲಿ, ಆ ಸುಡುಬಿಸಿಲಿನಲ್ಲಿ, ಆ ಆರು ಜನರಲ್ಲಿ ಒಬ್ಬರಾದ ಟೀಚರಮ್ಮನಿಗೆ ಕಣ್ಣು ಕತ್ತಲೆ ಬಂದು ಮತ್ತೆ ಒಳಗೆ ಎತ್ತಿಕೊಂಡು ಹೋಗಬೇಕಾಯಿತು. ಅವತ್ತೇ ವಾಹನ ವಿಭಾಗದ ಸಾಹೇಬರು ಹೇಳಿಬಿಟ್ಟರು, "ಶನಿವಾರದ ತನಕ ನೋಡ್ತೀನಿ. ಆಮೇಲೆ ಈ ರೂಟು ಬೇರೆಯವರಿಗೆ." ಹನ್ನೊಂದು ವರ್ಷದ ರೂಟು ಅದು. ಆ ಆರು ಜನರ ಮನೆಯ ಮೆಟ್ಟಿಲು ಎಷ್ಟಿವೆ ಎಂಬುದೂ ನನಗೆ ಗೊತ್ತು.

ಇಬ್ಬರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಇಬ್ಬರೂ ಬೆಳಗ್ಗೆ ಬೆಳಗ್ಗೆ ಕೀ ತಿರುಗಿಸಿ, ಸ್ಟಾರ್ಟ್ ಆದದ್ದು ನೋಡಿ, ನನ್ನ ಮುಖ ನೋಡಿ ನಕ್ಕರು. ಒಬ್ಬ ಬ್ಯಾಟರಿ ಬದಲಿಸಿದ. ಇನ್ನೊಬ್ಬ ಸ್ಟಾರ್ಟರ್ ಮೋಟಾರ್ ಬಿಚ್ಚಿ, ಒರೆಸಿ, "ಹೊಸದರ ಹಂಗಿದೆ" ಎಂದು ಮತ್ತೆ ಕೂರಿಸಿದ. ಮಧ್ಯಾಹ್ನ ಅದೇ ಟಕ್. ನಾನು ಬಾಯಿಗೆ ಬಂದಂತೆ ಬೈದೆ. ಬೈಗುಳಕ್ಕೆ ಗಾಡಿ ಸ್ಟಾರ್ಟ್ ಆಗುವುದಾದರೆ ನನ್ನದು ಎಂದೂ ನಿಲ್ಲುತ್ತಿರಲಿಲ್ಲ.

"ಅತ್ತಿಗೆನ ಕೇಳೋಕೆ ನಿಮಗೇನು ದಾಡಿ?" ಎಂದಳು ಹೆಂಡತಿ.

ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಅವರ ಅಪ್ಪನ ಗ್ಯಾರೇಜನ್ನು ಈಗ ಅವರೇ ನಡೆಸುತ್ತಾರೆ. ಅಣ್ಣನ ಮದುವೆಯ ಹೊಸತರಲ್ಲಿ "ಸ್ಪ್ಯಾನರ್ ಹಿಡಿಯೋ ಕೈಲಿ ಸೌಟು ಹಿಡೀತಾರಾ?" ಎಂದು ನಾಲ್ಕು ಜನರೆದುರು ಹಲ್ಲು ಕಿರಿದವನು ನಾನು. ಆ ನಾಚಿಕೆಗೇ ಇಷ್ಟು ವರ್ಷ ನನ್ನ ಗಾಡಿಯನ್ನು ಅವರ ಗ್ಯಾರೇಜಿನ ಕಡೆ ತಿರುಗಿಸಿರಲಿಲ್ಲ.

ಬುಧವಾರ ಹೋದೆ. ನಾನು ವಟವಟ ಎನ್ನುವುದನ್ನೆಲ್ಲ ಕೇಳಿಸಿಕೊಂಡು ಅವರು ಎರಡೇ ಪ್ರಶ್ನೆ ಕೇಳಿದರು. "ಆಫ್ ಮಾಡಿ ಎಷ್ಟು ನಿಮಿಷಕ್ಕೆ? ಇಂಜಿನ್ ತಿರುಗುತ್ತೋ, ಬರೀ ಟಕ್ಕೋ?"

"ಬರೀ ಟಕ್ ಅತ್ತಿಗೆ. ಈಗ್ಲೇ ಬಾನೆಟ್ ಎತ್ತಲಾ?"

"ಬೇಡಪ್ಪ. ಈಗ ಅದಕ್ಕೆ ಕಾಯಿಲೆ ಇಲ್ವಲ್ಲ, ಏನಂತ ನೋಡ್ಲಿ? ನಾಳೆ ನಿನ್ನ ಜೊತೆ ನಾನೇ ಬರ್ತೀನಿ."

ಹೀಗೆ ಹೇಳಿದ ಮೆಕ್ಯಾನಿಕ್ಕನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಗುರುವಾರ ತಮ್ಮ ಗ್ಯಾರೇಜಿಗೆ ಬೀಗ ಹಾಕಿ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಕೈಯಲ್ಲಿ ಒಂದು ಹಳೆ ಟವೆಲ್, ದೊಡ್ಡ ಬಾಟಲಿಯಲ್ಲಿ ನೀರು, ತಂತಿ ಕಟ್ಟಿದ ಒಂದು ಪುಟ್ಟ ಬಲ್ಬು. ಇಷ್ಟೇನಾ ಎಂದುಕೊಂಡೆ.

ಪೋರ್ಟಿಕೋದಲ್ಲಿ ಆಫ್ ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಆರು ಜನ ಹತ್ತಿ ಕೂತರು. ಕೀ ತಿರುಗಿಸಿದೆ. ಟಕ್. ನನ್ನ ತಲೆ ಕೆಟ್ಟುಹೋಯಿತು. ಇಳಿದು ಟೈರಿಗೆ ಒದ್ದೆ.

"ಕಾಲು ನೋಯುತ್ತೆ," ಎಂದರು ಅತ್ತಿಗೆ. "ಹೆಡ್‌ಲೈಟ್ ಹಾಕು."

ಲೈಟು ಚೆನ್ನಾಗಿ ಉರಿಯಿತು. ಬ್ಯಾಟರಿಯ ತಪ್ಪಲ್ಲ. ಅವರು ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದು, ಮೋಟಾರಿನ ತಂತಿಗೆ ಬಲ್ಬು ಮುಟ್ಟಿಸಿ ನನಗೆ ಕೀ ತಿರುಗಿಸಲು ಹೇಳಿದರು. ಬಲ್ಬೂ ಹೊತ್ತಿಕೊಂಡಿತು. ಕರೆಂಟು ಬರುತ್ತಿದೆ, ಮೋಟಾರೇ ಏಳುತ್ತಿಲ್ಲ. ಟವೆಲನ್ನು ನೆನೆಸಿ, ತಂತಿಗೆ ತಾಗದಂತೆ ಮೋಟಾರಿಗೆ ಸುತ್ತಿದರು. ಚುಸ್ ಎಂದು ಹಬೆ ಎದ್ದಿತು. ಜ್ವರ ಬಂದ ಮಗುವಿನ ಹಣೆಗೆ ಬಟ್ಟೆ ಹಾಕುವ ಹಾಗೆ, ಬದಲಿಸಿ ಬದಲಿಸಿ ಆರು ನಿಮಿಷ ಹಾಕಿದರು.

"ಈಗ ತಿರುಗಿಸು."

ಸ್ಟಾರ್ಟ್! ಅಯ್ಯೋ, ಹೋದ ಜೀವ ಬಂದಂತಾಯಿತು ನನಗೆ. ಒಳಗಿನಿಂದ ಟೀಚರಮ್ಮ ಚಪ್ಪಾಳೆ ತಟ್ಟಿದರು.

ಅತ್ತಿಗೆ ಮಾತ್ರ ಇನ್ನೂ ಕೆಳಗೇ ಇದ್ದರು. "ಹೊಗೆ ಕೊಳವೆ ಪಕ್ಕದಲ್ಲೇ ಮೋಟಾರಿದೆ. ನಡುವೆ ಬಿಸಿ ತಡೆಯೋಕೆ ಒಂದು ತಗಡು ಇರ್ಬೇಕಿತ್ತು. ಬೋಲ್ಟಿನ ತೂತಿದೆ, ತಗಡಿಲ್ಲ."

ಆ ತಗಡು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ವಾರದ ಹಿಂದೆ ನಾನೇ ಬಿಚ್ಚಿದ್ದೆ. ಅದು ಸಡಿಲವಾಗಿ ಗಡಗಡ ಎನ್ನುತ್ತಿತ್ತು. ಹೆಂಡತಿಗೆ "ಕೆಲಸಕ್ಕೆ ಬಾರದ ತಗಡು, ತಗೋ" ಎಂದು ಕೊಟ್ಟಿದ್ದೆ. ಅವಳು ತೊಳೆದು, ಬಿಸಿ ಪಾತ್ರೆ ಇಳಿಸಲು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದಳು.

ಗಡಗಡ ಎಂದಿದ್ದಕ್ಕೆ ಬಿಚ್ಚಿದೆ, ತಗಡು ಮನೆಯಲ್ಲಿದೆ ಎಂದಷ್ಟೇ ಅತ್ತಿಗೆಗೆ ಹೇಳಿದೆ. ಅವತ್ತು ಸಂಜೆ ಅವರು ಮನೆಗೆ ಬಂದು ಅದರ ಮೇಲಿದ್ದ ಪಾತ್ರೆ ಎತ್ತಿದರು. "ಬಿಸಿ ತಡೆಯೋ ಕೆಲಸಕ್ಕೇ ಹಾಕಿದ್ದೀರ, ಜಾಗ ಮಾತ್ರ ತಪ್ಪು," ಎಂದರು. ಹೆಂಡತಿ ಬಿದ್ದು ಬಿದ್ದು ನಕ್ಕಳು. ನಾನು ಮಾತ್ರ ತಲೆ ಎತ್ತಲಿಲ್ಲ. ಆ ಹಳೆ ಸೌಟಿನ ಮಾತನ್ನು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವರು ಆ ಸುದ್ದಿಯನ್ನೇ ಎತ್ತಲಿಲ್ಲ. ತಗಡಿನ ಅಂಚನ್ನು ತಟ್ಟಿ ಮಡಿಚಿ, ಬೋಲ್ಟಿಗೆ ಸ್ಪ್ರಿಂಗ್ ವಾಷರ್ ಹಾಕಿ ಬಿಗಿದು, ಮುಷ್ಟಿಯಿಂದ ಗುದ್ದಿ ನೋಡಿದರು. ಒಂದು ಚೂರೂ ಸದ್ದಿಲ್ಲ.

ಶನಿವಾರ ಸಾಹೇಬರು ಪೋರ್ಟಿಕೋದಲ್ಲೇ ನಿಂತಿದ್ದರು. ಅತ್ತಿಗೆಯೂ ಬಂದಿದ್ದರು. ಇಪ್ಪತ್ತೈದು ನಿಮಿಷ ಬಿಟ್ಟು ಕೀ ತಿರುಗಿಸಿದೆ. ಮೊದಲ ಸಲಕ್ಕೇ ಸ್ಟಾರ್ಟ್.

"ಏನಾಗಿತ್ತಮ್ಮ?" ಎಂದು ಸಾಹೇಬರು ಕೇಳಿದರು.

"ಒಂದು ತಗಡು ಇರ್ಲಿಲ್ಲ ಸಾರ್. ಹಾಕಿದ್ದೀನಿ."

"ಯಾರು ತೆಗೆದಿದ್ದು?"

ನನ್ನನ್ನು ಉಳಿಸಲು ಅತ್ತಿಗೆ ಬಾಯಿ ಮುಚ್ಚಿ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ನಾನೇ ಸಾರ್," ಎಂದುಬಿಟ್ಟೆ.

"ನೀನೇನಾ? ಯಾಕಯ್ಯ?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದರು, "ಅದು ಗಡಗಡ ಅಂತಿತ್ತು ಸಾರ್. ಇವರೆಲ್ಲ ಸುಸ್ತಾಗಿ ನಿದ್ದೆ ಹೋಗಿರ್ತಾರೆ. ಎಚ್ಚರ ಆಗದೆ ಇರ್ಲಿ ಅಂತ ತೆಗೆದಿದ್ದಾನೆ."

ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಸಾಹೇಬರು ವ್ಯಾನಿನೊಳಗೆ ಇಣುಕಿದರು. ಟೀಚರಮ್ಮ ಆಗಲೇ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದರು. ಸಾಹೇಬರು ದನಿ ತಗ್ಗಿಸಿದರು. "ಹೊರಡು. ಸೋಮವಾರ ಹೊತ್ತಿಗೆ ಸರಿಯಾಗಿ ಬಾ."

ಗೇಟು ದಾಟಿದ ಮೇಲೆ ಕೇಳಿದೆ. "ನಿಮಗೆ ಹೇಗೆ ಗೊತ್ತಾಯ್ತು ಅತ್ತಿಗೆ?"

"ಗುರುವಾರ ನಿನ್ನ ಪಕ್ಕ ಕೂತಿದ್ನಲ್ಲ. ಒಂದೊಂದು ಹಂಪ್ ಬಂದಾಗ್ಲೂ ಕನ್ನಡೀಲಿ ಅವರನ್ನ ನೋಡ್ತಾ ಇದ್ದೆಯಲ್ಲ ನೀನು."

ಮುಂದೊಂದು ಹಂಪ್ ಬಂತು. ನಿಧಾನಕ್ಕೆ ಹತ್ತಿಸಿ ಇಳಿಸಿ ಕನ್ನಡಿ ನೋಡಿದೆ. ಯಾರಿಗೂ ಎಚ್ಚರವಾಗಿರಲಿಲ್ಲ.