ಟಾಪಿಗೆ ಎರಡು ತಟ್ಟು

ಕೋಲ್ಬಿ ಮೆಸಿಕ್ ತಪ್ಪು ಮಾಡಿದಾಗ ಹಾರ್ಲನ್‌ಗೆ ಕಣ್ಣೇ ಕಾಣಿಸುವುದಿಲ್ಲ. ಕೋಲ್ಬಿಯ ಅಪ್ಪನ ಟೈರ್ ಅಂಗಡಿಯ ಹೆಸರು ನಮ್ಮ ಕಾರ್ ರೇಸ್ ಮೈದಾನದ ಗೋಡೆಯುದ್ದಕ್ಕೂ ಇದೆ, ತೀರ್ಪು ಕೊಡುವ ಹಾರ್ಲನ್‌ನ ಟೋಪಿಯ ಮೇಲೂ ಇದೆ. ಉಂಡ ಮನೆಗೆ ಎರಡು ಬಗೆಯಬಾರದಲ್ಲ!

ನಮ್ಮಲ್ಲೊಂದು ಪದ್ಧತಿ. ಒಬ್ಬ ಗುದ್ದಿ ಇನ್ನೊಬ್ಬನ ಕಾರು ಗಿರಕಿ ಹೊಡೆದರೆ ಹಳದಿ ಬಾವುಟ ಬೀಳುತ್ತದೆ, ಎಲ್ಲರೂ ನಿಧಾನ ಮಾಡುತ್ತಾರೆ. ಆಗ ಗುದ್ದಿದವನು ಕಿಟಕಿಯಿಂದ ಕೈ ಹೊರಹಾಕಿ ಕಾರಿನ ಟಾಪಿಗೆ ಎರಡು ಸಲ ತಟ್ಟಿದರೆ ತಪ್ಪೊಪ್ಪಿಕೊಂಡಂತೆ. ಅವನು ಸಾಲಿನ ಕೊನೆಗೆ ಹೋಗುತ್ತಾನೆ, ಪೆಟ್ಟು ತಿಂದವನಿಗೆ ಅವನ ಜಾಗ ವಾಪಸ್. ತಟ್ಟದಿದ್ದರೆ ಹಾರ್ಲನ್ ಹೇಳಿದ್ದೇ ವೇದವಾಕ್ಯ.

ಈ ವರ್ಷ ಕೋಲ್ಬಿ ನನ್ನ ತಮ್ಮ ವೇಡ್‌ಗೆ ಮೂರು ಸಲ ಗುದ್ದಿದ, ಒಮ್ಮೆಯೂ ತಟ್ಟಲಿಲ್ಲ. ಮೂರು ಸಲವೂ ಹಾರ್ಲನ್, "ರೇಸಲ್ಲಿ ತಾಗೋದು ಇದ್ದದ್ದೇ" ಎಂದು ವೇಡನನ್ನೇ ಕೊನೆಗೆ ಕಳಿಸಿದ. ಜುಲೈಯಲ್ಲಿ ವೇಡ್ ಕೋಲ್ಬಿಗೆ ಚೂರೇ ತಾಗಿಸಿದ. ಯಾರೂ ಕೇಳುವ ಮೊದಲೇ ಆ ಪೆದ್ದ ತಟ್ಟಿದ. ಅಪ್ಪ ಅವನಿಗೆ ಹಾಗೇ ಕಲಿಸಿದ್ದರು. ರೇಸಿಗಿಳಿದ ಹದಿನೇಳು ವರ್ಷದಲ್ಲಿ ಅವನು ತಟ್ಟಬೇಕಾದಾಗ ತಟ್ಟದೇ ಇದ್ದದ್ದಿಲ್ಲ, ವರ್ಷದ ಕಪ್ ಗೆದ್ದದ್ದೂ ಇಲ್ಲ.

ಕೊನೆಯ ರೇಸಿಗೆ ಇಬ್ಬರ ಅಂಕ ಸಮ. ಇಬ್ಬರಲ್ಲಿ ಮುಂದೆ ಬಂದವನಿಗೆ ಕಪ್. ಮಧ್ಯಾಹ್ನ ಚಾಲಕರ ಸಭೆಯಲ್ಲಿ ನಾನು ಎದ್ದು ನಿಂತೆ.

"ಹಾರ್ಲನ್, ಇವತ್ತು ಎಲ್ರಿಗೂ ಒಂದೇ ರೂಲ್ಸಾ? ಇಲ್ಲಾ ಟೈರ್ ಅಂಗಡಿಗೊಂದು, ನಮಗೊಂದಾ?"

ಎಲ್ಲರೂ ನಕ್ಕರು. ಹಾರ್ಲನ್ ಮುಖ ಕೆಂಪಾಯಿತು. "ನಾಲಿಗೆ ಬಿಗಿ ಹಿಡಿ, ಇಮೋಜಿನ್. ಎಲ್ರಿಗೂ ಒಂದೇ. ತಟ್ಟಿದ್ರೆ ಹಿಂದಕ್ಕೆ. ತಟ್ಟದಿದ್ರೆ ಗುದ್ದಿದವನನ್ನ ನಾನು ಕೇಳೋದೇ ಇಲ್ಲ, ಗಿರಕಿ ಹೊಡೆದವನೇ ಹಿಂದಕ್ಕೆ. ಸಾಕಾ?"

"ಬರೆದು ಕೊಡ್ತೀಯಾ?"

"ಸೋಲೋಕೆ ಮುಂಚೇನೇ ಅಳು ಶುರುವಾಯ್ತಾ, ಆಂಟಿ?" ಎಂದ ಕೋಲ್ಬಿ.

"ನಿಮ್ಮಪ್ಪನ ಹೆಸರಿರೋ ಗೋಡೆಗೇ ಹೋಗಿ ಗುದ್ಕೋ, ಹೋಗೋ."

ಗ್ಯಾಲರಿಯ ಮೇಲೆ ನಿಂತು ರೇಡಿಯೋದಲ್ಲಿ ವೇಡ್‌ಗೆ ಹಿಂದೆಮುಂದೆ ಯಾರಿದ್ದಾರೆಂದು ಹೇಳುವುದು ನನ್ನ ಕೆಲಸ. ನಾಲ್ಕು ಸುತ್ತು ಉಳಿದಿತ್ತು. ಮುಂದೆ ಕೋಲ್ಬಿ, ಹಿಂದೆಯೇ ವೇಡ್. ಮೂರನೇ ತಿರುವಿನಲ್ಲಿ ವೇಡ್ ಬ್ರೇಕ್ ಹಾಕಿದ್ದು ತಡವಾಯಿತು. ಕೋಲ್ಬಿಯ ಕಾರು ಗಿರಕಿ ಹೊಡೆದು ಹುಲ್ಲಿಗಿಳಿಯಿತು. ತಪ್ಪು ವೇಡನದೇ. ನನಗೆ ಚೆನ್ನಾಗಿ ಕಂಡಿತು.

ಹಳದಿ ಬಾವುಟ ಬಿತ್ತು.

"ಅಕ್ಕಾ, ನಾನೇ ಗುದ್ದಿದ್ದು" ಎಂದ ವೇಡ್. ಕಿಟಕಿಯಿಂದ ಅವನ ಕೈ ಹೊರಬಂತು.

"ಕೈ ಒಳಗೆ ಹಾಕೋ!" ಗಂಟಲು ಹರಿಯುವಂತೆ ಕಿರುಚಿದೆ. "ಅವ್ನು ಒಂದ್ಸಲನಾದ್ರೂ ತಟ್ಟಿದ್ನಾ? ನೀನು ತಟ್ಟಿದ್ರೆ ನನಗೆ ಮುಖ ತೋರಿಸ್ಬೇಡ!"

ಅರ್ಧ ಸುತ್ತು ಆ ಕೈ ಗಾಳಿಯಲ್ಲೇ ಇತ್ತು. ಆಮೇಲೆ ಒಳಗೆ ಹೋಯಿತು.

ಹಾರ್ಲನ್ ತನ್ನ ಗೋಪುರದ ಕಿಟಕಿಯಿಂದ ನನ್ನನ್ನೇ ನೋಡುತ್ತ ರೇಡಿಯೋದಲ್ಲಿ ಹೇಳಿದ: "ರೇಸಲ್ಲಿ ತಾಗೋದು ಇದ್ದದ್ದೇ. ಕೋಲ್ಬಿ ಮೆಸಿಕ್ ಕೊನೆಗೆ."

ವೇಡ್ ಗೆದ್ದ. ನಾನು ಮೆಟ್ಟಿಲಿಳಿದು ಓಡಿದೆ. ಕಪ್ ಕೊಡುತ್ತ ಹಾರ್ಲನ್, "ಒಂದೇ ರೂಲ್ಸು. ಖುಷಿನಾ?" ಎಂದ.

"ಈ ವರ್ಷ ಇದೊಂದು ಸಲ ಸರಿಯಾಗಿ ತೀರ್ಪು ಕೊಟ್ಟೆ ನೀನು" ಎಂದೆ.

ವೇಡ್ ಕಪ್ಪನ್ನು ಒಂದು ಕ್ಷಣವೂ ಹಿಡಿದುಕೊಳ್ಳಲಿಲ್ಲ. ನೇರ ನನ್ನ ಕೈಗಿಟ್ಟ.

"ತಗೋ. ನಿಂದೇ."

"ಕಾರ್ ಓಡ್ಸಿದ್ದು ನೀನಲ್ವೇನೋ?"

"ಓಡ್ಸಿದ್ದು ನಾನು. ಗೆದ್ದಿದ್ದು ನೀನು."

ಅವನು ತಿರುಗಿ ತನ್ನ ಕಾರಿನ ಹತ್ತಿರ ಹೋದ. ಕೋಲ್ಬಿ, ಹಾರ್ಲನ್, ಎಲ್ಲರೂ ನೋಡುತ್ತಿದ್ದಂತೆ ಅಂಗೈ ಬಿಚ್ಚಿ ಟಾಪಿಗೆ ಎರಡು ಸಲ ಬಡಿದ. ರೇಸ್ ಮುಗಿದ ಮೇಲೆ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಕಪ್ ನನ್ನ ಮನೆಯಲ್ಲೇ ಇದೆ. ಹಾರ್ಲನ್ ಮೋಸಗಾರ ಎಂದು ಈಗಲೂ ಊರೆಲ್ಲ ಹೇಳುತ್ತೇನೆ. ವೇಡ್ ಎದುರಿಗಿರುವಾಗ ಮಾತ್ರ ಹೇಳುವುದಿಲ್ಲ.